ಹಳೆಯ ರಿವಾಲ್ವರಿಗೆ ಹೊಳಪು ಕೊಡುವ ಮುನ್ನ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಗೂ ಸೈನ್ಯಕ್ಕೂ ಹಳೆಯ ನಂಟು. ಕೊಲ್ಹಾಪುರ ಸಂಸ್ಥಾನದ ರಾಜಾರಾಮ್ ರೈಫಲ್ಸ್ ಸ್ವಾತಂತ್ರ್ಯಾನಂತರ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಲೀನವಾಯಿತು. ಇಂಥ ಕಡೆ ಯಾರಿಗಾದರೂ ಬ್ರಿಟಿಷ್ ಸೈನ್ಯದ ಸವೆದ ವೆಬ್ಲಿ ರಿವಾಲ್ವರಿನ ಮೇಲೆ ಆಸೆ ಹುಟ್ಟಿದರೆ ಅಚ್ಚರಿಯಿಲ್ಲ.

ಆದರೆ ಮೊದಲು ಪರವಾನಗಿ, ಆಮೇಲೆ ದುಡ್ಡು.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೂ ವಿನಾಯಿತಿಯಿಲ್ಲ. ಸೈನ್ಯದ ಕೆಲವು ಗುಂಡಿನ ಅಳತೆಗಳು ನಿಷೇಧಿತ ವರ್ಗದಲ್ಲಿವೆ. 1915ರಲ್ಲಿ ಬ್ರಿಟಿಷ್ ಸೈನ್ಯ ಸೇರಿದ ವೆಬ್ಲಿಯ ಆರನೆಯ ಮಾದರಿಯದು .455 ಅಳತೆ. ಆದ್ದರಿಂದ ಅದು ಆ ವರ್ಗಕ್ಕೆ ಸೇರುತ್ತದೆಯೇ ಎಂದು ಮುಂಗಡ ಕೊಡುವ ಮುಂಚೆಯೇ ಕೊಲ್ಹಾಪುರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಸಾಮಾನ್ಯವಾಗಿ ಎರಡೇ ಬಂದೂಕು.

ಇನ್ನು ಹೊಳಪು. ಸವೆದ ಉಕ್ಕಿನ ಕಪ್ಪು-ನೀಲಿ ಬಣ್ಣ ಲೇಪವಲ್ಲ, ಕಬ್ಬಿಣದ ಆಕ್ಸೈಡಿನ ತೆಳು ಪದರ. ಪಾಲಿಶ್ ಚಕ್ರಕ್ಕೆ ಹಿಡಿದರೆ ಅಂಚುಗಳು ದುಂಡಾಗುತ್ತವೆ, ಮುದ್ರೆಗಳು ಮಾಸುತ್ತವೆ, ಸಂಖ್ಯೆಯೂ ಹೋಗಬಹುದು. ಗುರುತಿನ ಸಂಖ್ಯೆ ಅಳಿಸುವುದನ್ನು ಕಾಯ್ದೆಯ 8ನೆಯ ಕಲಂ ನಿಷೇಧಿಸುತ್ತದೆ. ಚೆಂದ ಮಾಡಲು ಹೋಗಿ ಜೈಲು ಕಾಣುವ ದಾರಿ ಇದು. ಸಂಗ್ರಾಹಕರಂತೂ ಮೂಲ ಮುದ್ರೆಗಳಿಗೇ ಬೆಲೆ ಕೊಡುತ್ತಾರೆ. ಆದ್ದರಿಂದ ಉಜ್ಜಾಟ ಬಿಟ್ಟು, ಆರೂ ಕೋಣೆ ಖಾಲಿಯೆಂದು ನೋಡಿಕೊಂಡು, ಎಣ್ಣೆ ಹಚ್ಚಿದ ಮೆತ್ತನೆಯ ಬಟ್ಟೆಯಿಂದ ತುಕ್ಕು ಒರೆಸಿದರೆ ಸಾಕು. ರಿಪೇರಿಗೆ ಪರವಾನಗಿಯುಳ್ಳ ಬಂದೂಕು ಕುಶಲಕರ್ಮಿಯೇ ಬೇಕು, ಪಕ್ಕದ ಲೇತ್ ಅಂಗಡಿಯಲ್ಲ.

ನೋಡುವ ಹಂಬಲವಷ್ಟೇ ಇದ್ದರೆ ಕೊಲ್ಹಾಪುರದ ಹೊಸ ಅರಮನೆಯ ಸಂಗ್ರಹಾಲಯವಿದೆ. ಅಲ್ಲಿ ಅರಸು ಮನೆತನದ ಆಯುಧಗಳನ್ನು ಜೋಡಿಸಿಟ್ಟಿದ್ದಾರೆ.