ಉಲ್ಲೇಖವೆಂಬ ಅಳತೆಗೋಲು

ವಸ್ತುವಿನ ತೂಕವನ್ನು ತಕ್ಕಡಿ ತಿಳಿಸುತ್ತದೆ. ವಿಜ್ಞಾನಿಯ ಕೆಲಸದ ತೂಕವನ್ನು ತಿಳಿಯುವುದು ಹೇಗೆ? ಸಂಶೋಧಕನು ಪ್ರಬಂಧ ಬರೆಯುವಾಗ, ತನಗೆ ಆಧಾರವಾದ ಹಿಂದಿನ ಪ್ರಬಂಧಗಳನ್ನು ಹೆಸರಿಸುವುದು ವಾಡಿಕೆ. ಇದೇ ಉಲ್ಲೇಖ. ಒಂದು ಪ್ರಬಂಧಕ್ಕೆ ದೊರೆತ ಉಲ್ಲೇಖಗಳನ್ನು ಎಣಿಸಿದರೆ ಅದರ ಪ್ರಭಾವದ ಸುಳಿವು ಸಿಕ್ಕುತ್ತದೆ. ಈ ವಿಚಾರವನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡರು 1955ರಲ್ಲಿ ಮುಂದಿಟ್ಟರು. 1964ರಲ್ಲಿ ಅವರ ಉಲ್ಲೇಖಸೂಚಿ ಹೊರಬಂದಿತು.

2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಇನ್ನೊಂದು ಅಳತೆಯನ್ನು ಸೂಚಿಸಿದರು. ಒಬ್ಬನ ಐದು ಪ್ರಬಂಧಗಳಿಗೆ ಕ್ರಮವಾಗಿ 40, 12, 6, 4, 1 ಉಲ್ಲೇಖಗಳು ದೊರೆತಿವೆ ಎನ್ನೋಣ. ಕನಿಷ್ಠ ನಾಲ್ಕು ಉಲ್ಲೇಖಗಳುಳ್ಳ ಪ್ರಬಂಧಗಳು ನಾಲ್ಕಿವೆ. ಐದು ಉಲ್ಲೇಖಗಳುಳ್ಳವು ಐದಿಲ್ಲ. ಆದುದರಿಂದ ಅವನ 'ಎಚ್' ಅಂಕ 4.

ಈ ಅಳತೆಗೋಲನ್ನು ಒಂದು ನಿಜಸಂಗತಿಯ ಮೇಲಿಟ್ಟು ನೋಡೋಣ. ಕಾಲರಾ ರೋಗಾಣು ಒಂದು ವಿಷವನ್ನು ಸ್ರವಿಸುತ್ತಿರಬೇಕೆಂದು ಕಾಖ್ 1884ರಲ್ಲಿಯೇ ಊಹಿಸಿದ್ದನು. ಅದಕ್ಕೆ ಪ್ರಮಾಣ ದೊರೆತುದು ಎಪ್ಪತ್ತೈದು ವರ್ಷಗಳ ಮೇಲೆ, ಕಲ್ಕತ್ತೆಯಲ್ಲಿ. ಅಲ್ಲಿಯ ಡಾಕ್ಟರ್ ಶಂಭುನಾಥ ದೇ ಅವರು ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ತುದಿಗಳಲ್ಲಿ ಕಟ್ಟಿ, ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಅದರೊಳಕ್ಕೆ ಸೇರಿಸಿದರು. ಆ ದ್ರವವನ್ನು ಮೊದಲೇ ಸೋಸಿ ರೋಗಾಣುಗಳನ್ನು ಪೂರ್ಣವಾಗಿ ತೆಗೆದಿದ್ದರು. ಆದರೂ ಕರುಳಿನಲ್ಲಿ ನೀರು ತುಂಬಿಕೊಂಡಿತು. ಎಂದಮೇಲೆ ದೇಹದ ನೀರನ್ನು ಹೊರಸೆಳೆಯುವುದು ರೋಗಾಣು ಬಿಟ್ಟ ವಿಷವೇ ಎಂದು ಸಿದ್ಧವಾಯಿತು. ಈ ಪ್ರಬಂಧವು 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು.

ಮೊದಮೊದಲು ಅದನ್ನು ಗಮನಿಸಿದವರು ವಿರಳ. ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ದೇ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. 1985ರಲ್ಲಿ ಅವರು ತೀರಿಕೊಂಡರು. ಮರುವರ್ಷ ಗಾರ್ಫೀಲ್ಡರು ಕಾಲರಾ ಸಂಶೋಧನೆಯ ಉಲ್ಲೇಖಗಳ ಜಾಡನ್ನು ಹಿಡಿದು ಹೋದಾಗ, ಆ ಪ್ರಬಂಧವು ಒಂದು ಮೈಲಿಗಲ್ಲೆಂಬುದು ಸ್ಪಷ್ಟವಾಯಿತು. 1990ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯು ಅವರ ಕುರಿತು ವಿಶೇಷ ಸಂಚಿಕೆಯನ್ನೇ ಹೊರತಂದಿತು.

ಇದರಿಂದ ತಿಳಿಯುವುದೇನು? ಮರೆಯಾಗಿದ್ದ ಕೆಲಸವನ್ನು ಎಣಿಕೆಯು ಬೆಳಕಿಗೆ ತರಬಲ್ಲದು. ಆದರೆ ಅದು ತಡವಾಗಿ ಮಾತನಾಡುತ್ತದೆ. ಮೇಲಾಗಿ, ಎಂತಹ ಮಹತ್ವದ್ದಾದರೂ ಒಂದೇ ಪ್ರಬಂಧದಿಂದ 'ಎಚ್' ಅಂಕವು ಒಂದನ್ನು ಮೀರದು. ಇನ್ನೊಂದು ವಿಚಿತ್ರವುಂಟು: ಒಂದು ಸತ್ಯವು ಪಠ್ಯಪುಸ್ತಕವನ್ನು ಸೇರಿ ಎಲ್ಲರ ಸೊತ್ತಾದ ಮೇಲೆ, ಅದರ ಮೂಲ ಪ್ರಬಂಧವನ್ನು ಯಾರೂ ಹೆಸರಿಸುವುದಿಲ್ಲ. ಚಲನ ನಿಯಮಗಳನ್ನು ಬಳಸುವಾಗಲೆಲ್ಲ ನ್ಯೂಟನ್ನನ ಗ್ರಂಥವನ್ನು ನಾವು ಉಲ್ಲೇಖಿಸುತ್ತೇವೆಯೆ?

ಉಷ್ಣಮಾಪಕವು ಉಷ್ಣತೆಯನ್ನು ತೋರಿಸುತ್ತದೆಯೇ ಹೊರತು, ವಸ್ತುವಿನಲ್ಲಿರುವ ಶಾಖದ ಮೊತ್ತವನ್ನಲ್ಲ. ಉಲ್ಲೇಖಗಳ ಎಣಿಕೆಯೂ ಹಾಗೆಯೇ. ಪ್ರಬಂಧವನ್ನು ಎಷ್ಟು ಮಂದಿ ಬಳಸಿದರೆಂದು ಅದು ಹೇಳೀತು; ಅದರ ಬೆಲೆಯನ್ನು ಓದಿಯೇ ತಿಳಿಯಬೇಕು.