ಬೆಂಚು ಬೇಕೆಂದರೆ ಯಾರನ್ನು ಕೇಳಬೇಕು? ಇಂಗ್ಲೆಂಡಿನ ಪ್ಯಾರಿಷ್ ಕೌನ್ಸಿಲ್‌ನಲ್ಲಿ ಕೆಲಸ ಮಾಡಿಸಿಕೊಳ್ಳುವ ಬಗೆ

ಬೇಸಿಗೆಗೆಂದು ಊರಿಂದ ಬಂದ ಅಪ್ಪ-ಅಮ್ಮ ಸಂಜೆ ವಾಕಿಂಗ್ ಹೊರಡುತ್ತಾರೆ. ಇಂಗ್ಲೆಂಡಿನ ಹಳ್ಳಿ, ಹಸಿರಿಗೆ ಬರವಿಲ್ಲ. ಆದರೆ ಮಂಡಿ ನೋವೆಂದು ಕೂರಲು ಹೋದರೆ ದಾರಿಯುದ್ದಕ್ಕೂ ಒಂದು ಬೆಂಚಿಲ್ಲ. ಇಂಥದ್ದಕ್ಕೆಲ್ಲ ಇಲ್ಲಿ ಕೇಳಬೇಕಾದ್ದು ಪ್ಯಾರಿಷ್ ಕೌನ್ಸಿಲನ್ನು. ಪ್ಯಾರಿಷ್ ಎಂಬ ಹೆಸರಿದ್ದರೂ ಚರ್ಚಿಗೂ ಇದಕ್ಕೂ ಸಂಬಂಧವಿಲ್ಲ. 1894ರ ಕಾಯ್ದೆಯೇ ಊರಿನ ಆಡಳಿತವನ್ನು ಚರ್ಚಿನಿಂದ ಬಿಡಿಸಿ ಚುನಾಯಿತ ಕೌನ್ಸಿಲ್‌ಗಳ ಕೈಗೆ ಕೊಟ್ಟಿತು. ಈಗ ಅಂಥ ಸುಮಾರು 10,000 ಕೌನ್ಸಿಲ್‌ಗಳಿವೆ.

ನಿಮ್ಮ ಊರಿಗೆ ಒಂದು ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಕೌನ್ಸಿಲ್ ಟ್ಯಾಕ್ಸ್ ಬಿಲ್ ತೆಗೆದರೆ ಗೊತ್ತಾಗುತ್ತದೆ. ಪ್ಯಾರಿಷ್ ಹೆಸರಿನಲ್ಲಿ ಬೇರೆ ಸಾಲಿನಲ್ಲಿ ಒಂದು ಸಣ್ಣ ಮೊತ್ತವಿದ್ದರೆ ಇದೆ ಎಂದರ್ಥ. ಲಂಡನ್ನಿನಲ್ಲಿ ಹುಡುಕಬೇಡಿ, 2014ರಲ್ಲಿ ಶುರುವಾದ ಕ್ವೀನ್ಸ್ ಪಾರ್ಕ್ ಒಂದೇ ಅಲ್ಲಿರುವುದು. ಮಿಲ್ಟನ್ ಕೀನ್ಸ್‌ನಲ್ಲಾದರೆ ಊರು ಪೂರ್ತಿ ಪ್ಯಾರಿಷ್‌ಗಳೇ.

ಯಾರ ಕೆಲಸ ಯಾವುದು

ಅರ್ಧ ದೂರುಗಳು ದಾರಿ ತಪ್ಪುವುದು ಇಲ್ಲೇ. ರಸ್ತೆಗುಂಡಿ ಕೌಂಟಿ ಕೌನ್ಸಿಲ್‌ನ ಹೊಣೆ. ಮನೆಯ ಕಸದ ಡಬ್ಬಿ ಡಿಸ್ಟ್ರಿಕ್ಟ್ ಕೌನ್ಸಿಲ್‌ನದು. ಕೆಲವು ಕಡೆ ಈ ಎರಡೂ ಸೇರಿ ಒಂದೇ ಯೂನಿಟರಿ ಕೌನ್ಸಿಲ್ ಆಗಿರುತ್ತದೆ. ಪಕ್ಕದ ಮನೆಯವರು ಮೇಲೊಂದು ಮಹಡಿ ಎತ್ತುವ ವಿಚಾರದಲ್ಲಿ ಪ್ಯಾರಿಷ್ ಅಭಿಪ್ರಾಯ ಬರೆದು ಕಳಿಸಬಹುದು, ತೀರ್ಮಾನ ಮಾತ್ರ ಮೇಲಿನವರದು. ಇದನ್ನು ತಿಳಿಯದೆ ಪ್ಯಾರಿಷ್ ಸಭೆಯಲ್ಲಿ ಕೂಗಾಡಿದರೆ ಗಂಟಲು ಕೆಡುತ್ತದೆ, ಅಷ್ಟೆ.

ಪ್ಯಾರಿಷ್‌ನ ಕೈಯಲ್ಲಿರುವುದು ಮಕ್ಕಳ ಆಟದ ಜಾಗ, ಬೆಂಚು, ಬಸ್ ಶೆಲ್ಟರ್, ಒಂದಿಷ್ಟು ಬೀದಿದೀಪ, ಸ್ಮಶಾನ, ಊರಿನ ಹಾಲ್. ಬಿಟಿ ಕಂಪನಿ ಬೇಡವೆಂದು ಬಿಟ್ಟ ಕೆಂಪು ಫೋನ್ ಬೂತನ್ನು ಒಂದು ಪೌಂಡಿಗೆ ಕೊಂಡು ಪುಟ್ಟ ಲೈಬ್ರರಿ ಮಾಡಿದ, ಹೃದಯಾಘಾತಕ್ಕೆ ಬಳಸುವ ಡಿಫಿಬ್ರಿಲೇಟರ್ ಇಟ್ಟ ಕೌನ್ಸಿಲ್‌ಗಳೂ ಇವೆ. ಆದರೆ ಕಾನೂನಿನ ಪ್ರಕಾರ ಇವುಗಳಲ್ಲಿ ಹೆಚ್ಚಿನವು 'ಮಾಡಬಹುದಾದ' ಕೆಲಸಗಳು, 'ಮಾಡಲೇಬೇಕಾದ' ಕೆಲಸಗಳಲ್ಲ. ಹಕ್ಕು ಚಲಾಯಿಸಲು ಹೋಗುವುದಕ್ಕಿಂತ ಒಪ್ಪಿಸುವ ತಯಾರಿಯಲ್ಲಿ ಹೋಗುವುದು ಮೇಲು.

ಅಲಾಟ್‌ಮೆಂಟ್, ಅಂದರೆ ಬಾಡಿಗೆಗೆ ಕೊಡುವ ತರಕಾರಿ ತೋಟದ ತುಂಡು, ಸ್ವಲ್ಪ ಬೇರೆ. ಊರಿನ ಆರು ಜನ ಮತದಾರರೋ ಕೌನ್ಸಿಲ್ ಟ್ಯಾಕ್ಸ್ ಕಟ್ಟುವವರೋ ಸೇರಿ ಲಿಖಿತವಾಗಿ ಕೇಳಿದರೆ, 1908ರ ಕಾಯ್ದೆಯಂತೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಮೆಂತ್ಯ ಸೊಪ್ಪು ಬೆಳೆಯುವ ಆಸೆಯಿದ್ದವರು ಆರು ಸಹಿ ಹೊಂದಿಸಿಕೊಳ್ಳಿ.

ಅಧ್ಯಕ್ಷರನ್ನು ಬಿಡಿ, ಕ್ಲರ್ಕನ್ನು ಹಿಡಿಯಿರಿ

ಅಧ್ಯಕ್ಷರ ಮನೆಗೆ ಹೋಗಿ ಒಂದು ಮಾತು ಹೇಳಿಬಂದರೆ ಕೆಲಸ ಆದ ಹಾಗೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಧ್ಯಕ್ಷರಾಗಲಿ ಯಾವುದೇ ಸದಸ್ಯರಾಗಲಿ ಒಬ್ಬರೇ ಏನನ್ನೂ ತೀರ್ಮಾನಿಸುವಂತಿಲ್ಲ. ಕೌನ್ಸಿಲ್ ಸಭೆ ಸೇರಿಯೇ ಒಪ್ಪಬೇಕು. ಕಾಗದಪತ್ರ ನಡೆಸುವವರು ಸಂಬಳದ ಕ್ಲರ್ಕ್. ನಮ್ಮ ಪಂಚಾಯಿತಿಯ ಪಿಡಿಒ ಥರ ಎನ್ನಬಹುದು, ಆದರೆ ಸಣ್ಣ ಊರುಗಳಲ್ಲಿ ವಾರಕ್ಕೆ ಕೆಲವೇ ಗಂಟೆ, ಬಹಳ ಸಲ ಮನೆಯಿಂದಲೇ ಕೆಲಸ ಮಾಡುವವರು. ಇಮೇಲ್‌ಗೆ ಮರುದಿನವೇ ಉತ್ತರ ಬರಲಿಲ್ಲವೆಂದು ಸಿಡುಕಬೇಡಿ.

ಪತ್ರದಲ್ಲಿ ಇಷ್ಟಿರಲಿ: ಬೆಂಚು ಎಲ್ಲಿ ಬೇಕು, ಯಾರಿಗೆ ಅನುಕೂಲ, ಆ ಜಾಗ ಯಾರದು. ಕೊನೆಯದು ಮುಖ್ಯ. ರಸ್ತೆಯಂಚಿನ ಹುಲ್ಲಿನ ಪಟ್ಟಿ ಸಾಮಾನ್ಯವಾಗಿ ಹೆದ್ದಾರಿ ಇಲಾಖೆಯ ಸುಪರ್ದಿಯಲ್ಲಿರುತ್ತದೆ, ಅವರ ಒಪ್ಪಿಗೆ ಬೇಕು. ಪ್ಯಾರಿಷ್‌ನ ಸ್ವಂತ ಜಾಗವಾದರೆ ಅರ್ಧ ತಲೆನೋವು ಕಡಿಮೆ. ನಾಲ್ಕು ಮನೆಯವರ ಹೆಸರು, ಬೆಂಚಿನ ಅಂದಾಜು ಬೆಲೆ, ಜಾಗದ ಒಂದು ಫೋಟೊ ಸೇರಿಸಿ. 'ಇದನ್ನು ಮುಂದಿನ ಸಭೆಯ ಅಜೆಂಡಾದಲ್ಲಿ ಸೇರಿಸಿ' ಎಂದು ಸ್ಪಷ್ಟವಾಗಿ ಬರೆಯಿರಿ. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಕೌನ್ಸಿಲ್ ತೀರ್ಮಾನ ಮಾಡುವಂತಿಲ್ಲ. ಸಭೆಗೆ ಮೂರು ಪೂರ್ತಿ ದಿನ ಮುಂಚೆ ನೋಟಿಸ್ ಹಾಕಬೇಕು. ನೋಟಿಸಿನ ದಿನ, ಸಭೆಯ ದಿನ, ಭಾನುವಾರ ಇದರಲ್ಲಿ ಲೆಕ್ಕಕ್ಕಿಲ್ಲ. ನಿಮ್ಮ ಪತ್ರ ಎರಡು ವಾರ ಮೊದಲೇ ಕ್ಲರ್ಕ್ ಕೈಲಿರಲಿ.

ದುಡ್ಡಿನ ಕಾಲ

ಪ್ಯಾರಿಷ್‌ನ ಮುಖ್ಯ ಆದಾಯ ಪ್ರಿಸೆಪ್ಟ್, ಕೌನ್ಸಿಲ್ ಟ್ಯಾಕ್ಸ್ ಜೊತೆ ವಸೂಲಾಗುವ ಆ ಸಣ್ಣ ಸಾಲು. ಏಪ್ರಿಲ್‌ನಿಂದ ಶುರುವಾಗುವ ವರ್ಷಕ್ಕೆ ಇದನ್ನು ಹೆಚ್ಚಾಗಿ ನವೆಂಬರ್-ಜನವರಿಯಲ್ಲಿ ನಿಗದಿ ಮಾಡುತ್ತಾರೆ. ಅಕ್ಟೋಬರಿನಲ್ಲಿ ಕೇಳಿದ ಬೆಂಚು ಬಜೆಟ್ಟಿಗೆ ಸೇರಬಹುದು. ಫೆಬ್ರವರಿಯಲ್ಲಿ ಕೇಳಿದ್ದಕ್ಕೆ 'ಬರುವ ವರ್ಷ ನೋಡೋಣ' ಎಂಬ ಉತ್ತರ ಸಿಕ್ಕೀತು. ಊರಲ್ಲಿ ಹೊಸ ಮನೆಗಳು ಏಳುತ್ತಿವೆಯೇ? ಬಿಲ್ಡರ್‌ಗಳಿಂದ ಮೂಲಸೌಕರ್ಯ ಶುಲ್ಕ ಪಡೆಯುವ ಪ್ರದೇಶವಾದರೆ ಅದರಲ್ಲಿ ಶೇಕಡ 15 ಪ್ಯಾರಿಷ್‌ಗೆ ಬರುತ್ತದೆ, ಮಿತಿಯೊಂದಿದೆ. ಊರಿನವರೇ ಮತ ಹಾಕಿ ಒಪ್ಪಿದ ನೆರೆಹೊರೆ ಯೋಜನೆ ಇದ್ದಲ್ಲಿ ಪಾಲು ಶೇಕಡ 25. ಕ್ಲರ್ಕ್‌ಗೆ ಬರೆಯುವಾಗ ಇದನ್ನೂ ಕೇಳಿ.

ಸಭೆಯ ದಿನ

ಕೌನ್ಸಿಲ್ ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರಬೇಕು, ತುಂಬ ಕಡೆ ತಿಂಗಳಿಗೊಮ್ಮೆ ಸೇರುತ್ತದೆ. ಸಾರ್ವಜನಿಕರು ಹೋಗಿ ಕೂರಬಹುದು, ವಿಡಿಯೊ ಕೂಡ ಮಾಡಬಹುದು. ಮಾತಾಡುವ ಹಕ್ಕು ಕಾನೂನಿನಲ್ಲಿಲ್ಲ, ಆದರೆ ಬಹುತೇಕ ಕೌನ್ಸಿಲ್‌ಗಳು ಆರಂಭದಲ್ಲಿ ಕೆಲವು ನಿಮಿಷ ಬಿಟ್ಟುಕೊಡುತ್ತವೆ. ಅಷ್ಟರಲ್ಲೇ ಮುಗಿಸಿ. ಚೆಷೈರಿನ ಹ್ಯಾಂಡ್‌ಫೋರ್ತ್ ಕೌನ್ಸಿಲ್‌ನ ಜೂಮ್ ಜಗಳ 2021ರಲ್ಲಿ ಲೋಕವೆಲ್ಲ ನೋಡಿ ನಕ್ಕಿದ್ದು ನೆನಪಿರಬಹುದು. ಮಾಮೂಲಿ ಸಭೆ ಅಷ್ಟು ರಂಗೇರುವುದಿಲ್ಲ. ನಾಯಿ ಮಾಡಿದ ಗಲೀಜು, ಬೇಲಿ ಕತ್ತರಿಸುವುದು, ಬಿಲ್ ಪಾವತಿ ಎಂದು ಆಕಳಿಸುತ್ತಾ ಸಾಗುತ್ತದೆ.

ಮಾತು ಆಡಲೇಬೇಕೆಂದರೆ ವಾರ್ಷಿಕ ಪ್ಯಾರಿಷ್ ಸಭೆಗೆ ಹೋಗಿ. ಮಾರ್ಚ್ 1ರಿಂದ ಜೂನ್ 1ರೊಳಗೆ, ಸಂಜೆ ಆರಕ್ಕೆ ಮುಂಚೆ ಶುರುವಾಗದಂತೆ ನಡೆಯುವ ಇದು ಕೌನ್ಸಿಲ್‌ನ ಸಭೆಯಲ್ಲ, ಊರಿನ ಮತದಾರರದು. ಇಲ್ಲಿ ಮಾತಾಡುವುದು ಹಕ್ಕು. ತುರ್ತಿದ್ದರೆ ಆರು ಮತದಾರರು ಸೇರಿ ತಾವೇ ಪ್ಯಾರಿಷ್ ಸಭೆ ಕರೆಯಬಹುದು. ಲೆಕ್ಕಪತ್ರದ ಮೇಲೆ ಅನುಮಾನವಿದ್ದವರು ಬೇಸಿಗೆಯಲ್ಲಿ ಅದನ್ನು ತೆರೆದಿಡುವ 30 ಕೆಲಸದ ದಿನಗಳಲ್ಲಿ ಹೋಗಿ ನೋಡಬಹುದು. ಜುಲೈನ ಮೊದಲ ಹತ್ತು ಕೆಲಸದ ದಿನಗಳು ಅದರಲ್ಲಿ ಬರಲೇಬೇಕು.

ಭಾರತದ ಪಾಸ್‌ಪೋರ್ಟ್ ಇದ್ದರೂ

ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ವೀಸಾದ ಮೇಲೆ ಇಲ್ಲಿ ನೆಲೆಸಿರುವ ಭಾರತೀಯರೂ ಮತದಾರರ ಪಟ್ಟಿಗೆ ಸೇರಬಹುದು. ಇದು ಗೊತ್ತಿಲ್ಲದೆ ಹೆಸರು ಬರೆಸದವರೂ ಇದ್ದಾರೆ. ಕಾಯಂ ವಾಸದ ಪರವಾನಗಿ ಸಿಕ್ಕಿ 18 ತುಂಬಿದ್ದರೆ ಪ್ಯಾರಿಷ್ ಚುನಾವಣೆಗೂ ನಿಲ್ಲಬಹುದು. ಊರಿನ ಮತದಾರರಾಗಿರಬೇಕು, ಇಲ್ಲವೇ ಹಿಂದಿನ 12 ತಿಂಗಳು ಅಲ್ಲಿ ಕೆಲಸ ಮಾಡಿರಬೇಕು ಅಥವಾ ಮೂರು ಮೈಲಿಯೊಳಗೆ ವಾಸವಿರಬೇಕು. ಠೇವಣಿ ಇಲ್ಲ, ಪಕ್ಷದ ಟಿಕೆಟ್ ಬೇಕಿಲ್ಲ, ಸೂಚಕರು ಅನುಮೋದಕರು ಅಂತ ಇಬ್ಬರ ಸಹಿ ಸಾಕು. ನಡುವೆ ಸೀಟು ಖಾಲಿಯಾದರೆ ನೋಟಿಸ್ ಹಾಕುತ್ತಾರೆ. 14 ಕೆಲಸದ ದಿನಗಳಲ್ಲಿ ಹತ್ತು ಮತದಾರರು ಚುನಾವಣೆ ಕೇಳದಿದ್ದರೆ ಕೌನ್ಸಿಲ್ ತಾನೇ ಒಬ್ಬರನ್ನು ಸೇರಿಸಿಕೊಳ್ಳುತ್ತದೆ. ಅರ್ಜಿ ಹೋಗಬೇಕಾದ್ದು ಆಗಲೂ ಕ್ಲರ್ಕ್‌ಗೇ.