ಕೃತಕ ಕಾಲು ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು?

ಕೃತಕ ಕಾಲು ಪಡೆದವರ ಮನೆಗಳಲ್ಲಿ ಆ ಕಾಲು ಅಟ್ಟದ ಮೇಲೋ ಬಾಗಿಲ ಹಿಂದೋ ಕುಳಿತಿರುವುದನ್ನು ನಮ್ಮ ಯಗಟಿ ಸುತ್ತಿನ ಹಳ್ಳಿಗಳಲ್ಲಿ ಕಾಣುವುದುಂಟು. ಕಾಲು ಮುರಿದಿರುವುದಿಲ್ಲ, ಪಾದವೂ ಗಟ್ಟಿಯಾಗಿಯೇ ಇರುತ್ತದೆ. ಕೇಳಿದರೆ ಬರುವ ಉತ್ತರ ಒಂದೇ: 'ಒತ್ತುತ್ತೆ ಡಾಕ್ಟ್ರೇ, ಹಾಕ್ಕೊಳ್ಳೋಕೆ ಆಗಲ್ಲ.' ಹೀಗಾಗಿ ಮತ್ತೆ ಊರುಗೋಲೇ ಗತಿ. ಒಂದು ಕೈ ಕೋಲಿಗೆ ಮೀಸಲಾದ ಮೇಲೆ ತೋಟದಲ್ಲಿ ಕಾಯಿ ಹೆಕ್ಕುವುದು, ಹುಲ್ಲಿನ ಹೊರೆ ಎತ್ತುವುದು ಎಲ್ಲವೂ ಮನೆಯ ಇತರರ ಪಾಲಿಗೆ ಬೀಳುತ್ತದೆ.

ಒತ್ತದೇ ಇರುವ ಕೃತಕ ಕಾಲು ಎಲ್ಲೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೈಯ ಭಾರ ನೆಲಕ್ಕೆ ಇಳಿಯಬೇಕಾದರೆ ಅದು ಎಲ್ಲಾದರೂ ಒತ್ತಲೇಬೇಕು. ತಡೆದುಕೊಳ್ಳಬಲ್ಲ ಜಾಗದಲ್ಲಿ ಒತ್ತುತ್ತಿದೆಯೇ, ತಡೆಯಲಾರದ ಜಾಗದಲ್ಲಿ ಒತ್ತುತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ.

ಶಸ್ತ್ರಕ್ರಿಯೆಯ ನಂತರ ಉಳಿಯುವ ಭಾಗವನ್ನು ಮೋಟು ಎನ್ನೋಣ. ಈ ಮೋಟು ಕೂರುವ ಬಟ್ಟಲಿನಂಥ ಭಾಗಕ್ಕೆ ಸಾಕೆಟ್ ಎಂದು ಹೆಸರು. ನಮ್ಮ ಅಂಗಾಲಿನ ಚರ್ಮ ಹುಟ್ಟಿನಿಂದಲೇ ಭಾರ ಹೊರಲೆಂದು ದಪ್ಪಗಾಗಿರುತ್ತದೆ. ಅದರಡಿ ಮೆತ್ತೆಯಂತೆ ಕೊಬ್ಬಿನ ಪದರವೂ ಇದೆ. ಮೋಟಿನ ಚರ್ಮಕ್ಕೆ ಇವೆರಡೂ ಇಲ್ಲ. ಅದು ಪ್ಯಾಂಟು, ಪಂಚೆಯ ಒಳಗೆ ಮರೆಯಾಗಿದ್ದ ಚರ್ಮ. ಅದಕ್ಕೆ ಇದ್ದಕ್ಕಿದ್ದಂತೆ ಪಾದದ ಕೆಲಸ ಒಪ್ಪಿಸಿರುತ್ತೇವೆ.

ಮಂಡಿಯ ಕೆಳಗೆ ಕಾಲು ತೆಗೆದವರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ಒತ್ತಿದರೆ ಹಗ್ಗದಂತೆ ಬಿಗಿಯಾದ ಒಂದು ಪಟ್ಟಿ ಸಿಗುತ್ತದೆ. ಇದು ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಕಣಕಾಲ ಮೂಳೆ ಮಂಡಿಯ ಬಳಿ ಒಳಬದಿಗೆ ಅಗಲವಾಗುವ ಜಾಗ, ಮೂಳೆಯ ಇಕ್ಕೆಲದ ಮಾಂಸಭಾಗ, ಹಿಂಬದಿಯ ಮೀನಖಂಡ ಇವೂ ಹಾಗೆಯೇ. ತಾಳದವು ಯಾವುವೆಂದರೆ ಕಣಕಾಲ ಮೂಳೆಯ ಚೂಪಾದ ಮುಂದಿನ ಅಂಚು, ಅದರ ಕತ್ತರಿಸಿದ ತುದಿ, ಮಂಡಿಯ ಹೊರಬದಿಯಲ್ಲಿ ಗುಂಡಿಯಂತೆ ಕೈಗೆ ಸಿಗುವ ಪುಟ್ಟ ಮೂಳೆಯ ತಲೆ. ಈ ಕೊನೆಯದರ ಪಕ್ಕದಲ್ಲೇ ಒಂದು ನರ ಹಾದುಹೋಗುತ್ತದೆ. ಅಲ್ಲಿ ಒತ್ತಿದರೆ ನೋವಿನ ಜೊತೆಗೆ ಜುಮುಗುಡುವುದೂ ಉಂಟು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ರೂಪಿಸಿದ ಸಾಕೆಟ್ಟಿನ ಗುಟ್ಟು ಇಷ್ಟೇ: ತಾಳುವ ಜಾಗದಲ್ಲಿ ಬಟ್ಟಲು ಒಳಕ್ಕೆ ಉಬ್ಬಿರಬೇಕು, ತಾಳದ ಜಾಗದಲ್ಲಿ ಹೊರಕ್ಕೆ ಹಳ್ಳವಾಗಿರಬೇಕು. ನಮ್ಮಲ್ಲಿ ಮಾಡುವ ಕಾಲುಗಳಲ್ಲೂ ಬಹುಪಾಲು ಈ ತತ್ವವೇ ಇದೆ.

ಇದು ನಿಂತಾಗಿನ ಲೆಕ್ಕ. ನಡೆಯುವಾಗ ಲೆಕ್ಕ ಬದಲಾಗುತ್ತದೆ. 60 ಕಿಲೋ ತೂಕದ ವ್ಯಕ್ತಿ ಸಾಧಾರಣ ವೇಗದಲ್ಲಿ ನಡೆದರೂ ಕಾಲಿನ ಮೇಲೆ ಬೀಳುವ ಬಲ ಒಂದೊಂದು ಹೆಜ್ಜೆಗೂ ಎರಡು ಸಲ ಮೈಯ ತೂಕವನ್ನು ಮೀರುತ್ತದೆ, ಸುಮಾರು 66ರಿಂದ 70 ಕಿಲೋದಷ್ಟಾಗುತ್ತದೆ. ಹಿಮ್ಮಡಿ ಊರಿದ ಕೂಡಲೇ ಒಮ್ಮೆ, ಬೆರಳ ಕಡೆಯಿಂದ ನೆಲವನ್ನು ತಳ್ಳುವಾಗ ಮತ್ತೊಮ್ಮೆ. ಮನೆಯಿಂದ ತೋಟಕ್ಕೆ ಒಂದು ಕಿಲೋಮೀಟರ್ ಎಂದಿಟ್ಟುಕೊಂಡರೆ ಕೃತಕ ಕಾಲು ಏಳುನೂರಕ್ಕೂ ಹೆಚ್ಚು ಸಲ ಊರಬೇಕು.

ಹಾರೆಯಿಂದ ಕಲ್ಲು ಮೀಟುವುದನ್ನು ನೆನೆಸಿಕೊಂಡರೆ ಒಳಗೆ ನಡೆಯುವುದು ಅರ್ಥವಾಗುತ್ತದೆ. ಹಿಮ್ಮಡಿ ಊರಿದಾಗ ಮಂಡಿ ಮಡಚಿಕೊಳ್ಳಲು ಹೋಗುತ್ತದೆ, ತೊಡೆಯ ಮುಂಭಾಗದ ಮಾಂಸಖಂಡ ಅದನ್ನು ತಡೆದು ಹಿಡಿಯುತ್ತದೆ. ಆಗ ಮೋಟಿನ ತುದಿ ಸಾಕೆಟ್ಟಿನ ಮುಂಗೋಡೆಗೆ ಒದೆಯುತ್ತದೆ, ಮೇಲ್ಭಾಗ ಹಿಂಗೋಡೆಗೆ ಒರಗುತ್ತದೆ. ಬೆರಳ ಮೇಲೆ ಭಾರ ಹೋದಾಗ ಇದು ತಿರುಗುಮುರುಗು: ಮಂಡಿಚಿಪ್ಪಿನ ಕೆಳಗೆ ಮತ್ತು ಹಿಂದೆ ತುದಿಯಲ್ಲಿ ಒತ್ತಡ. ಕಾಲೆತ್ತಿದಾಗ ಮೂರನೆಯದೊಂದು ಆಟ. ಕೃತಕ ಕಾಲು ತನ್ನ ತೂಕಕ್ಕೆ ಕೆಳಕ್ಕೆ ಜಗ್ಗುತ್ತದೆ. ಪಟ್ಟಿ ಸಡಿಲವಾಗಿದ್ದರೆ ಮೋಟು ಒರಳಿನಲ್ಲಿ ಒನಕೆ ಆಡಿದಂತೆ ಮೇಲೆ ಕೆಳಗೆ ಆಡುತ್ತದೆ. ಗಾಯವಾಗುವುದು ಒತ್ತಡ ಒಂದರಿಂದಲೇ ಅಲ್ಲ, ಒತ್ತಡದ ಜೊತೆಗೆ ಉಜ್ಜಾಟ ಸೇರಿದಾಗ. ಬೆವರು ಕೂಡಿದರಂತೂ ಚರ್ಮ ಬೇಗ ಕಿತ್ತು ಬರುತ್ತದೆ.

ಮೂಳೆಯ ತುದಿಯ ಮುಂಭಾಗದಲ್ಲಿ ಹುಣ್ಣಾಗುವುದು, ಇಳಿಜಾರಿನಲ್ಲಿ ಅದು ಹೆಚ್ಚು ನೋಯುವುದು ಏಕೆಂದು ಈಗ ಊಹಿಸಬಹುದು. ಅಂಥವರಿಗೆ ಮುಲಾಮು ಕೊಟ್ಟು ಕಳಿಸಿದರೆ ಕಾರಣ ಹಾಗೆಯೇ ಉಳಿಯುತ್ತದೆ. ಪಾದವನ್ನು ಸಾಕೆಟ್ಟಿಗೆ ಜೋಡಿಸಿರುವ ಕೋನ ಸ್ವಲ್ಪ ಬದಲಾದರೂ ಒತ್ತುವ ಜಾಗ ಬದಲಾಗುತ್ತದೆ.

ಸಾಕೆಟ್ ಬದಲಾಗುವುದಿಲ್ಲ, ಮೋಟು ಬದಲಾಗುತ್ತದೆ. ಇದನ್ನು ಬಹಳ ಮಂದಿಗೆ ಯಾರೂ ಹೇಳಿರುವುದೇ ಇಲ್ಲ. ಶಸ್ತ್ರಕ್ರಿಯೆಯಾದ ಮೊದಲ ವರ್ಷ ಬಾವು ಇಳಿದು, ಮಾಂಸ ಕರಗಿ ಮೋಟು ಸಣ್ಣದಾಗುತ್ತಾ ಹೋಗುತ್ತದೆ. ಒಂದೇ ದಿನದಲ್ಲೂ ಬೆಳಿಗ್ಗೆ ಇದ್ದ ಗಾತ್ರ ಸಂಜೆಗೆ ಇರುವುದಿಲ್ಲ. ಸಾಮಾನ್ಯವಾಗಿ ಕಾಲು ಹಾಕಿ ನಡೆದಂತೆ ಕುಗ್ಗುತ್ತದೆ. ಕುಗ್ಗಿದಾಗ ಮೋಟು ಬಟ್ಟಲಿನ ಆಳಕ್ಕೆ ಇಳಿಯುತ್ತದೆ, ಹಳ್ಳಕ್ಕೆ ಹೊಂದಬೇಕಾದ ಮೂಳೆ ಉಬ್ಬಿನ ಎದುರು ಬರುತ್ತದೆ. ಹೀಗಾಗಿ 'ಬಿಗಿಯಾಗಿದೆ, ಒತ್ತುತ್ತೆ' ಎನ್ನುವವರಲ್ಲಿ ಅನೇಕರ ಸಾಕೆಟ್ ವಾಸ್ತವದಲ್ಲಿ ಸಡಿಲವಾಗಿರುತ್ತದೆ! ಇದಕ್ಕೆ ಪರಿಹಾರ ಕಾಲುಚೀಲ. ತೆಳು, ದಪ್ಪ ಎಂದು ಬೇರೆ ಬೇರೆ ಪದರದ ಹತ್ತಿಯ ಅಥವಾ ಉಣ್ಣೆಯ ಚೀಲಗಳಿವೆ. ಮಧ್ಯಾಹ್ನದ ಹೊತ್ತಿಗೆ ಆಳಕ್ಕಿಳಿದಂತೆ ಅನಿಸಿದರೆ ಇನ್ನೊಂದು ತೆಳು ಚೀಲ ಸೇರಿಸಬೇಕು. ಹಾಗೆಂದು ಸೇರಿಸುತ್ತಲೇ ಹೋಗಬಾರದು. ಚೀಲ ಹೆಚ್ಚಾದರೆ ಮೋಟು ಮೇಲೆಯೇ ಸಿಕ್ಕಿಕೊಂಡು ತುದಿಗೆ ಆಸರೆ ತಪ್ಪುತ್ತದೆ, ತುದಿ ಊದಿ ಕಪ್ಪಾಗುತ್ತದೆ. ನಾಲ್ಕೈದು ಚೀಲ ಬೇಕಾಗುತ್ತಿದೆ ಎಂದರೆ ಹೊಸ ಸಾಕೆಟ್ ಬೇಕೆಂದೇ ಅರ್ಥ.

ಮೋಟು ಸರಿಯಾದ ಆಳದಲ್ಲಿ ಕೂತಿದೆಯೇ ಎಂದು ತಿಳಿಯಲು ತಂತ್ರಜ್ಞರು ಮಾಡುವ ಸುಲಭ ಪರೀಕ್ಷೆಯೊಂದಿದೆ. ಬಟ್ಟಲಿನ ತಳಕ್ಕೆ ಅಡಿಕೆಗಾತ್ರದ ಮೆತ್ತನೆಯ ಜೇಡಿಯ ಉಂಡೆ ಹಾಕಿ, ಚೀಲದೊಂದಿಗೆ ಕಾಲು ತೊಟ್ಟು ನಿಲ್ಲುವುದು. ಉಂಡೆ ಸ್ವಲ್ಪ ಚಪ್ಪಟೆಯಾಗಿದ್ದರೆ ಸರಿ, ಮುಟ್ಟದೇ ಉಳಿದಿದ್ದರೆ ಮೋಟು ಮೇಲಿದೆ, ಹಪ್ಪಳವಾಗಿದ್ದರೆ ಆಳಕ್ಕಿಳಿದಿದೆ.

ಜ್ವರವೋ ಮತ್ತೇನೋ ಆಗಿ ನಾಲ್ಕು ದಿನ ಕಾಲು ತೊಡದೆ ಮಲಗಿದರೆ ಮೋಟು ಊದಿಕೊಂಡು ಬಟ್ಟಲಿಗೆ ಇಳಿಯುವುದೇ ಇಲ್ಲ. ಆ ದಿನಗಳಲ್ಲಿ ಕ್ರೇಪ್ ಬ್ಯಾಂಡೇಜನ್ನು ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತಿರಬೇಕು. ಮೂತ್ರಪಿಂಡದ ತೊಂದರೆಗೆ ಡಯಾಲಿಸಿಸ್ ಮಾಡಿಸುವವರಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ಕೆಲವರು ಸಾಕೆಟ್ಟನ್ನು ತಾವೇ ಬಿಸಿ ಮಾಡಿ ಅಗಲಿಸುವುದು, ಅರದಿಂದ ಉಜ್ಜುವುದು ಮಾಡುತ್ತಾರೆ. ದಯವಿಟ್ಟು ಬೇಡ.

ಹೊಸ ಕಾಲು ಬಂದಾಗ ಮೊದಲ ದಿನ ಅರ್ಧ ಗಂಟೆ ಸಾಕು. ಕಾಲು ಕಳಚಿ ಮೋಟನ್ನು ಬೆಳಕಿನಲ್ಲಿ ನೋಡಿ. ಕೆಂಪು ಗುರುತು ಹತ್ತು ಹದಿನೈದು ನಿಮಿಷದಲ್ಲಿ ಮಾಯವಾದರೆ ಭಯವಿಲ್ಲ. ಉಳಿದರೆ ಆ ಜಾಗ ತಾಳುತ್ತಿಲ್ಲ. ಪುಸ್ತಕಗಳಲ್ಲಿ ಕೆಂಪು ಎಂದಿರುತ್ತದೆ, ನಮ್ಮ ಕಪ್ಪು ಮೈಬಣ್ಣದಲ್ಲಿ ಅದು ಕಾಣುವುದು ಕಡಿಮೆ. ಕೈಯ ಹಿಂಬದಿಯಿಂದ ಮುಟ್ಟಿ ಬಿಸಿಯಿದೆಯೇ, ಚರ್ಮ ಮಿರುಗುತ್ತಿದೆಯೇ, ಗಟ್ಟಿಯಾಗಿದೆಯೇ ನೋಡಬೇಕು. ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶಜ್ಞಾನ ಕುಂದಿರುವುದರಿಂದ ನೋವೆಂಬ ಎಚ್ಚರಿಕೆಯೇ ಇರುವುದಿಲ್ಲ. ಅವರು ದಿನವೂ ಕನ್ನಡಿ ಹಿಡಿದು ತುದಿ ನೋಡಿಕೊಳ್ಳಲೇಬೇಕು, ಕಣ್ಣು ಮಂದವಾಗಿದ್ದರೆ ಮನೆಯವರು ನೋಡಬೇಕು. ಚರ್ಮ ಒಡೆದಿದ್ದರೆ ಮಾಯುವ ತನಕ ಕಾಲು ತೊಡುವಂತಿಲ್ಲ. ಮೋಟನ್ನು ಸೋಪಿನಿಂದ ತೊಳೆಯುವುದು ರಾತ್ರಿ ಮಲಗುವ ಮುನ್ನ ಒಳ್ಳೆಯದು; ಬೆಳಿಗ್ಗೆ ತೊಳೆದರೆ ಒದ್ದೆ ಚರ್ಮ ಸಾಕೆಟ್ಟಿಗೆ ಅಂಟಿ ಉಜ್ಜುತ್ತದೆ. ಸ್ಪಿರಿಟ್ ಹಚ್ಚುವುದು ಬೇಡ.

ಮಂಡಿಯ ಮೇಲೆ ಕಾಲು ಹೋದವರಲ್ಲಿ ಭಾರದ ಬಹುಪಾಲನ್ನು ನಾವು ಕೂರುವಾಗ ಊರುವ ಪೃಷ್ಠದ ಮೂಳೆ ಹೊರುತ್ತದೆ. ಅಲ್ಲಿ, ತೊಡೆಸಂದಿಯಲ್ಲಿ ಅಂಚು ತಾಗುವುದೇ ಹೆಚ್ಚಿನ ದೂರು.

ಜೈಪುರದಲ್ಲಿ 1968ರಲ್ಲಿ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ರೂಪಿಸಿದ ಪಾದ ಬರಿಗಾಲಲ್ಲಿ ನಡೆಯುವ, ನೆಲದ ಮೇಲೆ ಕೂರುವ ನಮ್ಮಂಥವರಿಗೆ ದೊಡ್ಡ ಉಪಕಾರ. ಆದರೆ ಹೆಸರೆಲ್ಲ ಪಾದಕ್ಕೆ ಹೋಗಿ, ಸಾಕೆಟ್ಟನ್ನು ಕೇಳುವವರಿಲ್ಲದಂತಾಗಿದೆ. ಶಿಬಿರಗಳಲ್ಲಿ ಒಂದೇ ದಿನದಲ್ಲಿ ಅಳತೆ ತೆಗೆದು ಕಾಲು ಕೊಡುವುದು ಪುಣ್ಯದ ಕೆಲಸವೇ. ಮೂರು ತಿಂಗಳ ನಂತರದ ಎರಡನೆಯ ಅಳತೆಗೂ ಏರ್ಪಾಡು ಇದ್ದರೆ ಅಟ್ಟ ಸೇರುವ ಕಾಲುಗಳು ಕಡಿಮೆಯಾದಾವು. ಬೆಳೆಯುವ ಮಕ್ಕಳಿಗಂತೂ ವರ್ಷಕ್ಕೊಮ್ಮೆಯಾದರೂ ಅಳತೆ ನೋಡಿಸಬೇಕು.

ಬೆಂಗಳೂರಿನಲ್ಲಿ 1994ರಿಂದ ಮೊಬಿಲಿಟಿ ಇಂಡಿಯಾ ಸಂಸ್ಥೆ ಕೃತಕ ಅವಯವಗಳ ತಯಾರಿಕೆಯ ಜೊತೆಗೆ ತಂತ್ರಜ್ಞರಿಗೆ ತರಬೇತಿಯನ್ನೂ ಕೊಡುತ್ತಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಹೋಗುವಾಗ ಹಳೆಯ ಕಾಲನ್ನೂ, ಈಗ ಬಳಸುತ್ತಿರುವ ಚೀಲಗಳನ್ನೂ ತೆಗೆದುಕೊಂಡು ಹೋಗಿ. ಹಿಂದಿನ ಸಂಜೆ ಕಾಲು ಕಳಚಿದಾಗ ಗುರುತು ಎಲ್ಲೆಲ್ಲಿ ಉಳಿದಿತ್ತೆಂದು ಪೆನ್ನಿನಿಂದ ಚರ್ಮದ ಮೇಲೇ ಸುತ್ತು ಹಾಕಿಕೊಂಡಿದ್ದರೆ ತಂತ್ರಜ್ಞರ ಅರ್ಧ ಕೆಲಸ ಹಗುರವಾಗುತ್ತದೆ.